ಲಾಯದ ಕಾಯಕ: ಇರುವುದೋ, ಬಿಡುವುದೋ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶಹಾಪುರದಲ್ಲಿ ದಯಪಾಲಿಸಿದ ಆಶೀರ್ವಚನ)





ನಿನ್ನೆಯ ದಿನ ಇಂದ್ರಿಯನಿಗ್ರಹದ ವಿಷಯವನ್ನು ಹೇಳುತ್ತ, ಕಠೋಪನಿಷತ್ತಿನ ರಥದ ದೃಷ್ಟಾಂತವನ್ನು ತಂದಿದ್ದೆವು. ಅಲ್ಲಿ ದೇಹಕ್ಕೆ ರಥದ ಹೋಲಿಕೆ, ಇಂದ್ರಿಯಗಳಿಗೆ ಕುದುರೆಗಳ ಹೋಲಿಕೆ. ಪ್ರವಚನ ಮುಗಿದ ಮೇಲೆ ಸುರಪುರ ತಾಲೂಕಿನ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗನಿಗೆ ಹತ್ತೊಂಬತ್ತು ವರುಷ. ದೂರದ ದೊಡ್ಡ ಊರಿನಲ್ಲಿ ಒಂದು ಕುದುರೆಯ ಲಾಯಕ್ಕೆ ಕೆಲಸ ಕಲಿಯಲು ಸೇರಿ ಹತ್ತು ತಿಂಗಳಾಗಿದೆ. ಎರಡು ವರುಷ ಇರಬೇಕೆಂದು ಮಾತಾಗಿದೆ. ಹಬ್ಬಕ್ಕೆಂದು ಬಂದವನು ಮರಳಿ ಹೋಗಲಾರೆ ಎನ್ನುತ್ತಾನೆ. ತಂದೆ ಹೋಗಲೇಬೇಕು ಎನ್ನುತ್ತಾರೆ. ಹುಡುಗ ನಮ್ಮನ್ನು ಕೇಳಿದ: "ಬುದ್ಧಿ, ನೀವು ಕುದುರೆ ಹಿಡಿಯೋದು ಹೇಳಿದಿರಿ. ಲದ್ದಿ ಬಳಿಯೋನ ಮಾತು ಯಾವ ಉಪನಿಷತ್ತಿನ್ಯಾಗ ಐತ್ರಿ?"

ಈ ಪ್ರಶ್ನೆ ನಮಗೆ ಬಹಳ ಹಿಡಿಸಿತು. ಆದ್ದರಿಂದ ಇಂದು ಹೇಳಬೇಕಾಗಿದ್ದ ಷಟ್‌ಸ್ಥಲದ ವಿಷಯವನ್ನು ನಾಳೆಗೆ ಇಟ್ಟು, ಇದನ್ನೇ ವಿಚಾರ ಮಾಡುತ್ತೇವೆ. ಯಾದಗಿರಿ, ಶಹಾಪುರ, ಸುರಪುರದ ಈ ಸೀಮೆಯಿಂದ ಎಷ್ಟು ಮಂದಿ ತರುಣರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಕುದುರೆಯಾದರೇನು, ಗಾರೆ ಕೆಲಸವಾದರೇನು, ಪ್ರಶ್ನೆ ಒಂದೇ.

ಮೊದಲು ಹುಡುಗನ ದುಃಖ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ದುಃಖಗಳೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತವೆ. ಗಂಟು ಬಿಚ್ಚದೆ ನಿರ್ಣಯ ಮಾಡಬಾರದು. ನಾವು ಕೇಳುತ್ತ ಹೋದೆವು. ಆತ ಹೇಳಿದ ಮೊದಲನೆಯ ದುಃಖ, ನಸುಕಿನ ನಾಲ್ಕು ಗಂಟೆಗೆ ಏಳಬೇಕು, ಲದ್ದಿ ಎತ್ತಬೇಕು, ಹಾಸಿದ ಹುಲ್ಲು ತೆಗೆಯಬೇಕು, ಮೈ ತಿಕ್ಕಬೇಕು, ಗೊರಸು ಕೆರೆಯಬೇಕು. ಹತ್ತು ತಿಂಗಳಿಂದ ಇದೇ ಕೆಲಸ.

ಇದು ಬಿಡಲು ಕಾರಣವಾಗುವುದಿಲ್ಲ. ಕುದುರೆ ವಿಚಿತ್ರವಾದ ಪ್ರಾಣಿ. ಅಷ್ಟು ದೊಡ್ಡ ದೇಹಕ್ಕೆ ಅದರ ಜಠರ ಸಣ್ಣದು. ಒಮ್ಮೆಗೇ ಹೊಟ್ಟೆ ಬಿರಿಯುವಂತೆ ತಿನ್ನಿಸಿದರೆ ಅದಕ್ಕೆ ತಡೆಯದು. ಆಗಾಗ ಸ್ವಲ್ಪ ಸ್ವಲ್ಪ ಹಾಕುತ್ತಿರಬೇಕು. ತಿಂದದ್ದು ಒಗ್ಗದಿದ್ದರೆ ನಾಯಿ ಬೆಕ್ಕುಗಳು ಕಾರಿಕೊಳ್ಳುತ್ತವೆ. ಕುದುರೆಗೆ ವಾಂತಿ ಮಾಡಲಿಕ್ಕೇ ಬರುವುದಿಲ್ಲ. ಒಳಗೆ ಹೋದದ್ದು ಕೆಳಗೇ ಇಳಿಯಬೇಕು. ಇಳಿಯದಿದ್ದರೆ ಹೊಟ್ಟೆಶೂಲೆ ಹತ್ತಿ, ನೆಲಕ್ಕೆ ಬಿದ್ದು ಹೊರಳಾಡಿ, ಕೆಲವು ತಾಸುಗಳಲ್ಲಿ ಪ್ರಾಣ ಬಿಡುವುದೂ ಉಂಟು. ಈ ಶೂಲೆ ಬರುವ ಮೊದಲು ಎಲ್ಲಿ ಗೊತ್ತಾಗುತ್ತದೆ? ಲದ್ದಿಯಲ್ಲಿ. ಲದ್ದಿ ಕಡಿಮೆಯಾಯಿತೇ, ಗಟ್ಟಿಯಾಯಿತೇ ಎಂಬುದನ್ನು ಮೊದಲು ಕಾಣುವವನು ಯಜಮಾನನಲ್ಲ, ವೈದ್ಯನಲ್ಲ, ಬುಟ್ಟಿ ಹಿಡಿದ ಹುಡುಗ. ಒಂದು ಕುದುರೆ ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರಿನವರೆಗೆ ನೀರು ಕುಡಿಯುತ್ತದೆ. ಇಂದು ಬಕೀಟು ಅರ್ಧಕ್ಕೇ ಉಳಿಯಿತೆಂದು ತಿಳಿಯುವವನೂ ಆತನೇ. ಹಾಸು ಒದ್ದೆಯಾಗಿ ಉಳಿದರೆ ಗೊರಸು ಕೊಳೆಯುತ್ತದೆ. ಗೊರಸು ಕೊಳೆತ ಕುದುರೆ ಎಷ್ಟು ಲಕ್ಷದ್ದಾದರೂ ನಿಂತಲ್ಲಿಂದ ಕದಲದು. ಹುಡುಗ ಯಾವುದನ್ನು ಕಲಿಕೆಯ ಹೊರಗಿನ ಕಸವೆಂದು ತಿಳಿದಿದ್ದನೋ ಅದೇ ಕಲಿಕೆಯ ಓಂಕಾರ. ನಮ್ಮ ಪೂರ್ವಿಕರು ಇದನ್ನು ಸಣ್ಣ ಕೆಲಸವೆಂದು ತಿಳಿಯಲಿಲ್ಲ. ಶಾಲಿಹೋತ್ರನ ಹೆಸರಿನ ಅಶ್ವಶಾಸ್ತ್ರ ಸಂಸ್ಕೃತದಲ್ಲಿದೆ. ಕನ್ನಡದಲ್ಲಿಯೂ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯದ ಗ್ರಂಥವನ್ನು ಬರೆದಿದ್ದಾನೆ. ಪಾಂಡವರಲ್ಲಿ ನಕುಲ ವಿರಾಟನ ಲಾಯದಲ್ಲಿ ಒಂದು ವರುಷ ಕುದುರೆ ಕಾಯ್ದ. ಈ ಸೀಮೆಯ ಮೈಲಾಪುರದ ಮಲ್ಲಯ್ಯನಿಗೆ ನಡೆದುಕೊಳ್ಳುವ ನಿಮಗೆ, ಮೈಲಾರಲಿಂಗನ ವಾಹನ ಯಾವುದೆಂದು ನಾವು ಹೇಳಬೇಕೇ?

ಎರಡನೆಯ ದುಃಖ ಬೇರೆ. ಸವಾರಿ ಕಲಿಸುತ್ತೇವೆ, ಲಾಳ ಕಟ್ಟುವುದನ್ನು ಕಲಿಸುತ್ತೇವೆ ಎಂದು ಕರೆದೊಯ್ದವರು ಹತ್ತು ತಿಂಗಳಾದರೂ ಒಂದನ್ನೂ ಕಲಿಸಿಲ್ಲ. ಕೇಳಿದರೆ ಬೈಗುಳ. ಒಮ್ಮೆ ಚಾವಟಿಯ ಹಿಡಿಕೆಯಿಂದ ಬೆನ್ನಿಗೆ ಪೆಟ್ಟು. ಹುಡುಗ ಅಂಗಿ ಎತ್ತಿ ತೋರಿಸಲು ಹೋದ, ಬೇಡವೆಂದೆವು. ಲದ್ದಿಯ ಮಾತು ಹೇಳುವಾಗ ನಗುತ್ತಿದ್ದವನು ಇದನ್ನು ಹೇಳುವಾಗ ನೆಲ ನೋಡುತ್ತಿದ್ದ. ಅವನ ನಿಜವಾದ ದುಃಖ ಯಾವುದೆಂದು ಅಲ್ಲಿಯೇ ತಿಳಿಯಿತು.

ಕಲಿಯುವವನಿಗೆ ವಿನಯ ಹೇಗೆ ಧರ್ಮವೋ, ಕಲಿಸುವವನಿಗೆ ಕಲಿಸುವುದು ಹಾಗೆಯೇ ಧರ್ಮ. ಶಿಷ್ಯನ ಸೇವೆಯನ್ನು ಪಡೆದು ವಿದ್ಯೆಯನ್ನು ಕೊಡದೆ ಇದ್ದರೆ ಅದು ಗುರುತ್ವವಲ್ಲ, ಸಂಬಳವಿಲ್ಲದ ಆಳು ಇಟ್ಟುಕೊಂಡಂತೆ. ಶರಣರು ಕಾಯಕವನ್ನು ಕೈಲಾಸಕ್ಕೆ ಏರಿಸಿದರು ನಿಜ. ಆದರೆ ಅದು ತಾನೇ ಒಪ್ಪಿ ಹಿಡಿದ ಕಾಯಕ. ಪೆಟ್ಟಿನ ಭಯಕ್ಕೆ ಮಾಡುವ ದುಡಿಮೆಗೆ ಅವರು ಆ ಹೆಸರನ್ನು ಕೊಡಲಿಲ್ಲ. ಮಕ್ಕಳು ಕಷ್ಟ ಹೇಳಿಕೊಂಡ ಕೂಡಲೇ ಕಾಯಕದ ಮಾತನ್ನು ಅವರ ಬಾಯಿಗೆ ತುರುಕುವ ಹಿರಿಯರು ಇದನ್ನು ಲಕ್ಷ್ಯದಲ್ಲಿಡಬೇಕು.

ಕೈಹಿಡಿದದ್ದನ್ನು ಬಿಟ್ಟರೆ ಹೇಡಿತನವಲ್ಲವೇ ಎಂದು ತಂದೆ ಕೇಳಿದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನೇ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತರು. ಯಾರು ಅವರನ್ನು ಹೇಡಿ ಎಂದರು? ಹಾಗಿರಲಿ, ನಿಮ್ಮ ಸುರಪುರದ್ದೇ ಒಂದು ಮಾತು ಹೇಳುತ್ತೇವೆ. ಟೇಲರ್ ಮಂಜಿಲ್ ನೋಡದವರು ಇಲ್ಲಿ ಕಡಿಮೆ. ಆ ಮೆಡೋಸ್ ಟೇಲರ್ ಸಾಹೇಬ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದು ವರುಷದ ಹುಡುಗನನ್ನು ಮುಂಬಯಿಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತೆಯಾಗಿ ಕಳಿಸಿದರು. ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವ ಆಶೆ ತೋರಿಸಲಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೇ ಮುಗ್ಗಟ್ಟಿನಲ್ಲಿತ್ತು. ಆತ ಅದನ್ನು ಬಿಟ್ಟು 1824ರಲ್ಲಿಯೇ ನಿಜಾಮರ ಸೈನ್ಯದ ನೌಕರಿ ಹಿಡಿದ. ಆ ಅಂಗಡಿಯಲ್ಲಿಯೇ ಹಲ್ಲು ಕಚ್ಚಿ ಕುಳಿತಿದ್ದರೆ ಸುರಪುರಕ್ಕೆ ಟೇಲರನೂ ಇಲ್ಲ, ಗುಡ್ಡದ ಮೇಲೆ ಆ ಮನೆಯೂ ಇಲ್ಲ. ಆತ ಪರದೇಶದ ಸರಕಾರದ ಕಡೆಯವನು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರಿಗೆ ಒದಗಿದ ಗತಿಯನ್ನು ನೆನೆದರೆ ನಮಗೂ ಸಂಕಟವಾಗುತ್ತದೆ. ಅದು ಬೇರೆ ಮಾತು. ಬಿಟ್ಟು ಬಂದವರೆಲ್ಲ ಕೆಟ್ಟರು ಎಂಬುದು ಸುಳ್ಳು ಎಂದಷ್ಟೇ ಇಲ್ಲಿ ನಮ್ಮ ಅಭಿಪ್ರಾಯ.

ಆದರೆ ಬಿಡುವ ರೀತಿ ಒಂದಿದೆ. ಅದಕ್ಕೆ ನಳಮಹಾರಾಜನ ಕಡೆಗೆ ಹೋಗಬೇಕು. ರಾಜ್ಯ ಹೋಗಿ, ಹೆಂಡತಿ ಅಗಲಿ, ಕಾರ್ಕೋಟಕ ಕಚ್ಚಿ ರೂಪ ಕೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ನಿಂತ. ಅವನಿಗಿಂತ ದುಃಖಿಯಾದ ಲಾಯದ ಆಳು ಲೋಕದಲ್ಲಿ ಇರಲಿಕ್ಕಿಲ್ಲ. ರಾತ್ರಿಯಾದರೆ ದಮಯಂತಿಯನ್ನು ನೆನೆದು ಹಲುಬುತ್ತಿದ್ದ. ಜೊತೆಗಾರನಾದ ಜೀವಲ, ಇದಾರಿಗಾಗಿ ಎಂದು ಕೇಳುತ್ತಿದ್ದ. ಹಲುಬಿದ ಮಾತ್ರಕ್ಕೆ ಅವನ ಕುದುರೆಜ್ಞಾನ ಮಂಕಾಗಲಿಲ್ಲ. ಒಂದೇ ಹಗಲಿನಲ್ಲಿ ವಿದರ್ಭ ಮುಟ್ಟಬೇಕೆಂದು ಅರಸ ಹೇಳಿದಾಗ, ಬಾಹುಕ ಬಡಕಲಾದ ಸಿಂಧೂದೇಶದ ಕುದುರೆಗಳನ್ನು ಆರಿಸಿದ. ಅರಸ ಸಿಟ್ಟಾದ. ಲಾಯದವನಿಗೆ ಗೊತ್ತಿದ್ದದ್ದು ಸಿಂಹಾಸನದವನಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಋತುಪರ್ಣ ಅಕ್ಷಹೃದಯವನ್ನು ಕೊಟ್ಟ; ಅದರಿಂದಲೇ ನಳನಿಗೆ ಕಲಿಯ ಬಿಡುಗಡೆ. ಕಡೆಗೆ ನಳ ಹೊರಡುವಾಗ ಏನು ಮಾಡಿದ? ಸಿಕ್ಕ ವಿದ್ಯೆಯನ್ನು ಕಟ್ಟಿಕೊಂಡು ಕತ್ತಲಲ್ಲಿ ಜಾರಿಕೊಳ್ಳಲಿಲ್ಲ. ಕೊಡುವೆನೆಂದಿದ್ದ ಅಶ್ವಹೃದಯವನ್ನು ಅರಸನಿಗೆ ಒಪ್ಪಿಸಿ, ಋಣ ತೀರಿಸಿ, ಲಾಯ ಬಿಟ್ಟ.

ಆದ್ದರಿಂದ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ನೀನು ಹಬ್ಬಕ್ಕೆ ಬಂದವನು ಹಾಗೆಯೇ ಉಳಿದುಬಿಟ್ಟರೆ ಯಜಮಾನನಿಗೆ ಏನೂ ಆಗದು. ನೀನು ನೋಡಿಕೊಳ್ಳುತ್ತಿದ್ದ ನಾಲ್ಕು ಕುದುರೆಗಳಿಗೆ ಆಗುತ್ತದೆ. ಅವು ನಿನ್ನನ್ನು ಬೈದಿಲ್ಲ. ಒಮ್ಮೆ ಹೋಗು. ಒಬ್ಬನೇ ಬೇಡ, ತಂದೆಯನ್ನು ಕರೆದುಕೊಂಡು ಹೋಗು. ಕಲಿಸುವೆನೆಂದದ್ದನ್ನು ಯಾವ ತಿಂಗಳಿಂದ, ಯಾರು ಕಲಿಸುತ್ತಾರೆ ಎಂದು ಕೇಳು. ಕೈ ಮಾಡುವುದು ನಿಲ್ಲಬೇಕೆಂದು ತಂದೆಯ ಎದುರಿಗೇ ಹೇಳು. ಒಪ್ಪಿ ನಡೆದರೆ ಇದ್ದು ಕಲಿ. ಒಪ್ಪದಿದ್ದರೆ ಅದೇ ದಿನ ಬಿಡು. ಬಿಡುವಾಗ, ಯಾವ ಕುದುರೆ ಯಾವ ಕಾಲಿಗೆ ಮುಟ್ಟಗೊಡುವುದಿಲ್ಲ, ಯಾವುದಕ್ಕೆ ತಣ್ಣೀರು ಒಗ್ಗುವುದಿಲ್ಲ ಎಂಬುದನ್ನು ಮುಂದೆ ಬರುವವನಿಗೆ ತಿಳಿಸಿ ಬಾ.

ಈಗ ತಂದೆಯರ ಕಡೆಗೆ ಒಂದು ಮಾತು. ಕಡೆಗೆ ಹೊರಬಿದ್ದ ಸಂಗತಿ ಏನೆಂದರೆ, ಕರೆದೊಯ್ದ ಮೇಸ್ತ್ರಿಯಿಂದ ಇವರು ಮುಂಗಡ ಹಣ ತೆಗೆದುಕೊಂಡಿದ್ದಾರೆ. ಮಗಳ ಮದುವೆಗೆ ಖರ್ಚಾಗಿದೆ. ಅವರನ್ನು ನಾವು ಜರೆಯುವುದಿಲ್ಲ. ಈ ಸೀಮೆಯ ಬಡತನ ನಮಗೆ ಗೊತ್ತು. ನಾರಾಯಣಪುರದ ಕಾಲುವೆಯ ನೀರು ಬಂದ ಹೊಲದವರ ಮಾತು ಬೇರೆ, ಬಾರದ ಹೊಲದವರ ಮಾತು ಬೇರೆ. ಆದರೆ ಹಣ ತೆಗೆದುಕೊಂಡವರು ತಂದೆ, ಬೆನ್ನು ಕೊಡುತ್ತಿರುವವನು ಮಗ. ಇದು ನ್ಯಾಯವೇ? ಮುಂಗಡಕ್ಕೆ ಮನುಷ್ಯನನ್ನು ಕಟ್ಟಿಹಾಕುವ ಜೀತಪದ್ಧತಿಯನ್ನು 1976ರ ಕಾನೂನು ರದ್ದು ಮಾಡಿದೆ. ಹಣ ಕೊಟ್ಟೆನೆಂಬ ಕಾರಣಕ್ಕೆ ಹುಡುಗನನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ಮೇಸ್ತ್ರಿಗೂ ಇಲ್ಲ. ಅವನು ಬೆದರಿಸಿದರೆ ಹೆದರಬೇಡಿರಿ. ತಹಶೀಲ್ದಾರರ ಕಚೇರಿ ಇಲ್ಲಿಯೇ ಇದೆ. ಅರ್ಜಿ ಬರೆಯಲು ಬಾರದವರು ಮಠಕ್ಕೆ ಬರಲಿ, ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ಬರೆದುಕೊಡುತ್ತಾರೆ.

ಇನ್ನು ಮರಳಿ ಬಂದ ಹುಡುಗನನ್ನು ಕಟ್ಟೆಯ ಮೇಲೆ ಕುಳಿತವರು "ಓಡಿ ಬಂದ್ಯಾ?" ಎಂದು ಕೇಳುವ ರೂಢಿ ಇದೆ. ಹಾಗೆ ಕೇಳುವವರು ಒಂದು ವಾರ ನಸುಕಿನಲ್ಲಿ ಎದ್ದು ತಮ್ಮ ಮನೆಯ ಎತ್ತಿನ ಸಗಣಿ ತಾವೇ ಬಳಿದು, ಆಮೇಲೆ ಕೇಳಲಿ. ತಾಯಂದಿರು ನಗುತ್ತಿದ್ದೀರಿ, ನಿಮಗೆ ಗೊತ್ತು, ಅದನ್ನು ದಿನಾಲೂ ಬಳಿಯುವವರು ಯಾರೆಂದು.

ಷಟ್‌ಸ್ಥಲದ ವಿಷಯ ನಾಳೆ ಮುಂದುವರಿಯುತ್ತದೆ. ಪ್ರಸಾದ ಸಿದ್ಧವಾಗಿದೆ, ದೂರದ ಊರಿನವರು ಮೊದಲು ಏಳಿರಿ.