ಹೊಳೆಗೆ ಎದುರಾಗಿ ಒಂದು ಹಗಲು



ಮೋಟಾರು ಸೈಕಲ್ಲಿನ ಮೇಲೆ ಒಬ್ಬಂಟಿಯಾಗಿ ಎತ್ತರದ ಪರ್ವತಮಾರ್ಗವನ್ನು ದಾಟಿ ಬರುವ ಹಂಬಲ ಇಂದಿನ ತರುಣರಲ್ಲಿ ವಿಶೇಷವಾಗಿ ಕಾಣುತ್ತದೆ. ಲಡಾಖಿನ ಖರ್ದುಂಗ್ ಲಾ ಅಂಥವರ ಕನಸಿನ ತಾಣ. ಅಲ್ಲಿನ ಫಲಕ ಬಹುಕಾಲ 18,380 ಅಡಿ ಎಂದು ಸಾರಿತು; ಉಪಗ್ರಹ ನೆರವಿನ ಅಳತೆಗೆ ಸಿಕ್ಕಿದ್ದು ಸುಮಾರು 17,582 ಅಡಿ. ಫಲಕದ ಅಂಕಿ ತಪ್ಪಿದ ಮಾತ್ರಕ್ಕೆ ಪರ್ವತ ಕುಗ್ಗಲಿಲ್ಲ. ಗುಡ್ಡದ ದೊಡ್ಡತನವನ್ನು ಅಡಿಗಳಲ್ಲಿ ಅಳೆಯುವುದಕ್ಕಿಂತ ಅದು ಕೆಳಗಿನ ಊರಿಗೆ ಕೊಡುವ ನೀರಿನಲ್ಲಿ ಅಳೆಯುವುದು ಹೆಚ್ಚು ಸರಿ.

ಶಹಾಬಾದ ಸೀಮೆಯಲ್ಲಿ ಹಿಮದ ಹಾದಿಗಳಿಲ್ಲ. ಆದರೆ ಅಲ್ಲಿಂದ ವಾಡಿ, ಚಿತ್ತಾಪುರ, ಸೇಡಂಗಳನ್ನು ಹಾದು ಚಿಂಚೋಳಿಯ ಗುಡ್ಡಗಳನ್ನೇರಿ, ಹೊತ್ತು ಮುಳುಗುವುದರೊಳಗೆ ಮರಳಬಹುದಾದ ದಾರಿಯಿದೆ. ಒಬ್ಬ ಸವಾರ ನಸುಕಿನಲ್ಲಿ ಆ ದಾರಿ ಹಿಡಿದನೆಂದು ಭಾವಿಸಬಹುದು.

ಮೊದಲು ಎದುರಾಗುವುದು ಕಲ್ಲಿನ ಲೋಕ. ಪದರು ಪದರಾಗಿ ಏಳುವ ಸುಣ್ಣಕಲ್ಲು ಫರಸಿಯಾಗಿ ಎಷ್ಟೋ ಮನೆಗಳ ನೆಲಕ್ಕೆ ಹೋಗಿದೆ. ಅದೇ ಸುಣ್ಣಕಲ್ಲಿನಿಂದ ವಾಡಿಯಲ್ಲಿ 1968ರಿಂದ ಸಿಮೆಂಟು ತಯಾರಾಗುತ್ತಿದೆ. ಕಲ್ಲು ಈ ಸೀಮೆಗೆ ಅನ್ನ ಕೊಟ್ಟಿದೆ. ಜೊತೆಗೆ ಆಳವಾದ ಖಣಿಗಳನ್ನೂ ಧೂಳನ್ನೂ ಬಿಟ್ಟಿದೆ. ಮುಂದೆ ತೊಗರಿಯ ಕಪ್ಪು ನೆಲ. ಸೇಡಂ ಮುಟ್ಟುವ ಮೊದಲು ತುಸು ಬಳಸಿ ಹೋದರೆ ಮಳಖೇಡ, ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಕೋಟೆಯ ಮಗ್ಗುಲಲ್ಲಿ ಕಾಗಿಣಾ ನದಿ ಹರಿಯುತ್ತದೆ.

ಇಲ್ಲಿ ಸವಾರ ಇಂಜಿನ್ ನಿಲ್ಲಿಸಿ ಹೊಳೆ ಹರಿಯುವ ದಿಕ್ಕನ್ನು ನೋಡಬೇಕು. ಅವನು ಬಂದ ಕಡೆಗೇ ಅದು ಹೊರಟಿದೆ. ಶಹಾಬಾದದ ಸಮೀಪದ ಹೊನಗುಂಟದಲ್ಲಿ ಭೀಮೆಯನ್ನು ಸೇರುತ್ತದೆ. ಅಂದರೆ ಅವನ ಪಯಣವೆಲ್ಲ ನೀರಿಗೆ ಎದುರಾದದ್ದು.

ಚಿಂಚೋಳಿ ದಾಟಿ ಕೊಂಚಾವರಂ ದಿಕ್ಕಿಗೆ ತಿರುಗಿದರೆ ರಸ್ತೆ ಏರತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ತೋಳ, ಕತ್ತೆಕಿರುಬಗಳ ಈ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಅದರ ಹಳ್ಳ ಮುಲ್ಲಾಮಾರಿಯನ್ನು, ಮುಲ್ಲಾಮಾರಿ ಕಾಗಿಣಾವನ್ನು ಕೂಡುತ್ತದೆ. ಇಲ್ಲಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯ. ಮಳೆಯನ್ನು ಹೀರಿ, ಮೆಲ್ಲಗೆ ಒರತೆಯಾಗಿ ಬಿಡುತ್ತದೆ. ನೆರೆಯ ಬೀದರಿನಲ್ಲಿ ಬಹಮನಿ ಕಾಲದವರು ಸುರಂಗ ಕೊರೆದು ನೀರು ತಂದದ್ದು ಇಂಥದೇ ಕಲ್ಲಿನೊಳಗಿಂದ. ಆದರೆ ಮೇಲಿನ ಮರ, ಹುಲ್ಲು ಹೋದರೆ ಮಳೆ ಇಂಗದೆ ಮಣ್ಣಿನೊಡನೆ ಇಳಿಯುತ್ತದೆ, ಜಲಾಶಯದಲ್ಲಿ ಹೂಳಾಗುತ್ತದೆ.

ಕೆಳಗಿನ ಕಲ್ಲಿಗೆ ಟನ್ನಿನ ಲೆಕ್ಕದಲ್ಲಿ ಬೆಲೆಯುಂಟು. ಮೇಲಿನ ಗುಡ್ಡ ಹಿಡಿದಿಟ್ಟ ನೀರಿಗೆ ಯಾವ ಪಾವತಿಯೂ ಇಲ್ಲ. ಆದ್ದರಿಂದಲೇ ಗುಡ್ಡವನ್ನು ಬರಡೆಂದು ಕರೆಯುವುದು ಸುಲಭವಾಗಿದೆ.

ಆ ಕಾಡಿನಲ್ಲಿ ಜನರೂ ಇದ್ದಾರೆ. ಒಂಟಿ ಸವಾರನ ಚಕ್ರ ಪಂಕ್ಚರಾದರೆ, ಬಾಯಾರಿದರೆ, ನೆರವಿಗೆ ಬರುವವರು ತಾಂಡಾದವರೇ. ಅವರನ್ನು ಹೊರಗಿಟ್ಟು ಕಾಡು ಉಳಿಸುವ ಮಾತು ನ್ಯಾಯವಲ್ಲ, ಅವರ ಹೆಸರು ಹೇಳಿ ಕಾಡು ಕರಗಿಸುವುದೂ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಅಭಯಾರಣ್ಯದೊಳಗಿನ ಅರ್ಹ ಅರಣ್ಯವಾಸಿಗಳ ಹಕ್ಕನ್ನೂ ಮಾನ್ಯ ಮಾಡುತ್ತದೆ. ಗ್ರಾಮಸಭೆಗೆ ಕಾಡು, ನೀರಿನಾಸರೆಗಳನ್ನು ಕಾಯುವ ಅಧಿಕಾರವನ್ನೂ ಕೊಡುತ್ತದೆ. ಆ ಅಧಿಕಾರವನ್ನು ಬಳಸುವುದು ಊರಿನವರ ಕೈಯಲ್ಲಿದೆ.

ಬರುವ ಸವಾರರು ಪಾಲಿಸಬೇಕಾದದ್ದು ಅಲ್ಪ: ಬೇಸಿಗೆಯ ಒಣಹುಲ್ಲಿಗೆ ಬೀಡಿಯ ಕಿಡಿ ಬೀಳಬಾರದು, ಒರತೆಯ ಬಳಿ ಪ್ಲಾಸ್ಟಿಕ್ ಉಳಿಯಬಾರದು, ಕಾಡಿನಲ್ಲಿ ಹಾರನ್ ಮೊಳಗಬಾರದು, ಕತ್ತಲಾಗುವ ಮುನ್ನ ಕಾಡು ಬಿಡಬೇಕು. ವಿದ್ಯಾರ್ಥಿಗಳು ಇನ್ನೂ ಒಂದು ಕೆಲಸ ಮಾಡಬಹುದು: ತಿಂಗಳಿಗೊಮ್ಮೆ ಒಂದೇ ಸೇತುವೆಯ ಮೇಲೆ ನಿಂತು ನೀರಿನ ಮಟ್ಟವನ್ನು ವಹಿಯಲ್ಲಿ ಬರೆದಿಡುವುದು. ಹತ್ತು ವರ್ಷದ ಅಂಥ ವಹಿಯೊಂದು ಗ್ರಾಮಸಭೆಯಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.

ಸಂಜೆ ಸವಾರ ಇಳಿಯುತ್ತಾನೆ. ಈಗ ಹೊಳೆ ಅವನ ಜೊತೆಗೇ ಸಾಗುತ್ತದೆ. ರಾತ್ರಿ ಶಹಾಬಾದದ ಮನೆಯಲ್ಲಿ, ಫರಸಿಯ ನೆಲದ ಮೇಲೆ ಕುಳಿತು ಕುಡಿಯುವ ನೀರು ಎಲ್ಲಿಂದ ಬಂದೀತೆಂದು ಅವನು ಒಮ್ಮೆ ಕೇಳಿಕೊಂಡರೆ ಆ ಹಗಲು ಸಾರ್ಥಕ.