ಮರಳಿ ಏರಿದ ತೂಕ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೆಲವು ವರ್ಷಗಳ ಮೇಲೆ ಮತ್ತೆ ದಪ್ಪಗಾದರೆ, ಸುತ್ತಲಿನವರು ಥಟ್ಟನೆ ಆಡುವುದು ಒಂದೇ ಮಾತು: ಬಾಯಿ ಕಟ್ಟಲಿಲ್ಲ. ಈ ಮಾತು ನ್ಯಾಯವಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಇಂಥ ಶಸ್ತ್ರಚಿಕಿತ್ಸೆ ಆದವರನ್ನು ವರ್ಷಗಟ್ಟಲೆ ಗಮನಿಸಿತು. ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಬಗೆಯ ಶಸ್ತ್ರಚಿಕಿತ್ಸೆ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷ ಕಳೆದಾಗ ಆ ಇಳಿಕೆ ಶೇಕಡ 25ರಷ್ಟಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಸಾಮಾನ್ಯ. ಪಡೆದ ಲಾಭದ ಬಹುಪಾಲು ಉಳಿದೇ ಇರುತ್ತದೆ.

ಹಾಗಾದರೆ ಊಟದ ಪಾತ್ರವೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಶಸ್ತ್ರಚಿಕಿತ್ಸೆಯಿಂದ ಚಿಕ್ಕದಾಗಿ, ನಾಲ್ಕು ತುತ್ತು ಚಪಾತಿ ಪಲ್ಯಕ್ಕೇ ಸಾಕೆನ್ನುವ ಹೊಟ್ಟೆಯಲ್ಲಿ ಜ್ಯೂಸು, ಐಸ್‌ಕ್ರೀಮು, ಸಕ್ಕರೆ ಕಾಫಿ ಸಲೀಸಾಗಿ ಇಳಿದುಹೋಗುತ್ತವೆ. ಅದಕ್ಕೇ ತಟ್ಟೆಯಲ್ಲಿ ಮೊದಲು ಹೊಟ್ಟೆ ತುಂಬಿಸುವ ಕಾಳಿನ ಪಲ್ಯ, ಮೊಟ್ಟೆ ಅಥವಾ ಪನೀರು, ಅನ್ನ ಆಮೇಲೆ. ಆದರೆ ಹಸಿವಿನ ಹಾರ್ಮೋನುಗಳು, ಕೆಲವು ಮಾತ್ರೆಗಳು, ನಿದ್ದೆಗೇಡು ಕೂಡ ತೂಕ ಏರಿಸುತ್ತವೆ. ಅವನ್ನು ಛಲವೊಂದೇ ಗೆಲ್ಲಲಾರದು. ನೋವಿನ ಸಂಗತಿಯೆಂದರೆ, ನಾಚಿಕೆಪಟ್ಟು ಎಷ್ಟೋ ಜನ ವೈದ್ಯರ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಈ ಶಸ್ತ್ರಚಿಕಿತ್ಸೆಯ ನಂತರ ಬೇಕಾದ ಬಿ12, ಕಬ್ಬಿಣಾಂಶದ ರಕ್ತಪರೀಕ್ಷೆಯೂ ಅಲ್ಲಿಗೇ ನಿಲ್ಲುತ್ತದೆ. ವೈದ್ಯರು ಹೊಟ್ಟೆಯ ಚೀಲ ಹಿಗ್ಗಿದೆಯೇ ಎಂದು ನೋಡಬಲ್ಲರು, ಮಾತ್ರೆ ಬದಲಿಸಬಲ್ಲರು, ಬೇಕಿದ್ದರೆ ಹಸಿವು ತಗ್ಗಿಸುವ ಔಷಧಿಯನ್ನೂ ಕೊಡಬಲ್ಲರು. ಆ ಬಾಗಿಲಿಗೆ ಮತ್ತೆ ಹೋಗುವವರ ಜೊತೆಗೆ ಮನೆಯವರೊಬ್ಬರು ಬೈಯದೆ ಹೋದರೆ ಇನ್ನೂ ಒಳ್ಳೆಯದು.