ಅಡಿಗೆಮನೆಯ ಸಾಮಾನೂ ಒಕ್ಕಲುತನದ ಸಾಮಾನೇ



ಬಿತ್ತಿಗೆ ಹತ್ತಿರವಾಯಿತೆಂದರೆ ಒಕ್ಕಲಿಗನು ಸುಮ್ಮನೆ ಕೂಡುವುದಿಲ್ಲ. ಕೂರಿಗೆ, ಕುಂಟೆಗಳನ್ನು ಹೊರಗೆ ತೆಗೆದು ನೋಡುತ್ತಾನೆ. ಕಟ್ಟಿಗೆ ಸೀಳಿದ್ದರೆ ಬಡಿಗನಲ್ಲಿಗೆ, ಕುಡ ಮೊಂಡಾಗಿದ್ದರೆ ಕಂಬಾರನಲ್ಲಿಗೆ ಒಯ್ಯುತ್ತಾನೆ. ಹಿಂದೆ ಆಯ ಕೊಟ್ಟು ಮಾಡಿಸುತ್ತಿದ್ದರು, ಈಗ ರೊಕ್ಕ ಕೊಟ್ಟು ಮಾಡಿಸುತ್ತಾರೆ. ಟ್ರ್ಯಾಕ್ಟರ್ ಇದ್ದವರು ಅದರ ಎಣ್ಣೆ ಬದಲಿಸುತ್ತಾರೆ. ಇದಕ್ಕೆ ಖರ್ಚು ಯಾಕೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಅದೇ ಮನೆಯ ಅಡಿಗೆಮನೆಗೆ ಹೋಗಿ ನೋಡಿರಿ. ಹಂಚು ಡೊಂಕಾಗಿರುತ್ತದೆ, ಸಾಣಿಗೆ ಹರಿದಿರುತ್ತದೆ, ಒಲೆ ಬಿರಿದು ಹೊಗೆ ಕಾರುತ್ತಿರುತ್ತದೆ. “ಯಾಕವ್ವಾ, ಹಂಚು ಹಿಂಗಾಗೇದಲ್ಲ?” ಎಂದು ಅತ್ತೆ ಕೇಳಿದರೆ, “ನಡೀತದ ಬಿಡ್ರಿ ಅತ್ತಿ, ಇನ್ನೊಂದು ವರ್ಷ” ಎಂದು ಸೊಸೆ ಅನ್ನುತ್ತಾಳೆ. ಹೀಗೆ ನಡೆದೇ ಹತ್ತು ವರ್ಷ ಆಗಿರುತ್ತದೆ.

ಲಚ್ಯಾಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯರಿ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಹಿರಿಮೆ ನಿಮಗೆ ಹೇಳಬೇಕಾಗಿಲ್ಲ. ಮಾಲದಂಡಿ ಎಂದು ನೀವು ಕರೆಯುವ ಎಂ 35-1 ತಳಿಯನ್ನು ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದರು. ಈ ಜೋಳ ಬೆಳೆದು ಕೈಗೆ ಬರಲು ಸುಮಾರು ನಾಲ್ಕು ತಿಂಗಳು ಬೇಕು. ಆದರೆ ರೊಟ್ಟಿ ಕೆಡಲು ಎರಡು ನಿಮಿಷ ಸಾಕು. ಬೆಳೆ ಹೊಲದಿಂದ ಕಣಕ್ಕೆ, ಕಣದಿಂದ ಮನೆಗೆ ಬಂದರೂ, ಹಂಚು ದಾಟುವವರೆಗೆ ಅದು ಊಟವಲ್ಲ. ಆದ್ದರಿಂದ ಅಡಿಗೆಮನೆಯ ಸಾಮಾನೂ ಒಕ್ಕಲುತನದ ಸಾಮಾನೇ ಸರಿ.

ಜೋಳಕ್ಕೆ ಇಷ್ಟು ಜತನ ಯಾಕೆ? ಗೋದಿಯ ಹಿಟ್ಟಿನಲ್ಲಿ ನಾದಿದಂತೆ ಎಳೆಯುವ ಒಂದು ಅಂಟು ಉಂಟು. ಜೋಳದಲ್ಲಿ ಅದು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕುತ್ತೀರಿ. ಬಿಸಿಗೆ ಹಿಟ್ಟಿನ ಗಂಜಿ ಬಿಟ್ಟುಕೊಂಡು ಜಿಗುಟಾಗುತ್ತದೆ, ರೊಟ್ಟಿ ಬಡಿಯಲು ಬರುತ್ತದೆ. ಹಿಟ್ಟು ದಪ್ಪಗಿದ್ದರೆ, ಹಳೆಯದಾಗಿದ್ದರೆ, ಹಂಚು ಸರಿಯಾಗಿ ಕಾಯದಿದ್ದರೆ ರೊಟ್ಟಿ ಹರಿಯುತ್ತದೆ. ಬೈಗಳು ಮಾತ್ರ ಬಡಿದವಳಿಗೆ.

ಈಗ ಒಂದೊಂದಾಗಿ ಸಾಮಾನು ನೋಡೋಣ.

ಮೊದಲು ಸಾಣಿಗೆ. ಗಿರಣಿಯ ಹಿಟ್ಟೆಂದು ಸಾಣಿಸದೆ ಬಿಡಬೇಡಿರಿ. ಬಲೆ ಒಂದು ಕಡೆ ಹರಿದಿದ್ದರೂ ತೌಡು, ಕಸ ಇಳಿದು ರೊಟ್ಟಿ ಅಲ್ಲಿಯೇ ಬಿರಿಯುತ್ತದೆ. ಹಿಟ್ಟನ್ನು ಎಂಟು ದಿನಕ್ಕೆ ಸಾಕಾಗುವಷ್ಟೇ ಬೀಸಿಸಿರಿ. ಸಜ್ಜೆಯದಾದರೆ ಇನ್ನೂ ಕಡಿಮೆ ಮಾಡಿರಿ, ಅದು ಜೋಳಕ್ಕಿಂತ ಬೇಗ ಕಹಿಯಾಗುತ್ತದೆ.

ಎರಡನೆಯದು ಹಿಟ್ಟು ನಾದುವ ಕೊಣಮಿಗೆ. ಕಟ್ಟಿಗೆಯದಾದರೆ ಸೀಳು ಬಿಟ್ಟಿದೆಯೋ ನೋಡಿರಿ. ಸೀಳಿನಲ್ಲಿ ಹಿಟ್ಟು ಉಳಿದು ಹುಳಿಯುತ್ತದೆ, ಹುಳ ಬೀಳುತ್ತದೆ. ತೊಳೆದ ಮೇಲೆ ಕಡುಬಿಸಿಲಿಗೆ ಒಡ್ಡದೆ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿರಿ, ಆಗಾಗ ಎಣ್ಣೆ ಸವರಿರಿ. ಸೀಳು ದೊಡ್ಡದಾಗಿದ್ದರೆ ಅದನ್ನು ಬಿಟ್ಟು ಪರಾತದಲ್ಲಿ ನಾದಿದರೂ ಆದೀತು.

ಮೂರನೆಯದು ಹಂಚು. ಇದನ್ನು ಪರೀಕ್ಷಿಸುವುದು ಸುಲಭ. ಆರಿದ ಹಂಚನ್ನು ಸಪಾಟಾದ ಹಾಸುಗಲ್ಲಿನ ಮೇಲೆ ಬೋರಲು ಹಾಕಿ ಅಂಚನ್ನು ಒತ್ತಿರಿ. ಸುತ್ತಲೂ ಕೂತರೆ ಚೆನ್ನು. ಅಲ್ಲಾಡಿದರೆ ಡೊಂಕಾಗಿದೆ ಎಂದು ತಿಳಿಯಿರಿ. ಡೊಂಕು ಹಂಚು ಒಲೆಯ ಮೇಲೆ ನೆಟ್ಟಗೆ ಕೂಡುವುದಿಲ್ಲ, ಉರಿ ಒಂದು ಕಡೆಯಿಂದ ಹೊರಗೆ ಹೋಗುತ್ತದೆ. ರೊಟ್ಟಿ ಒಂದು ಬದಿ ಹೊತ್ತಿ ಇನ್ನೊಂದು ಬದಿ ಹಸಿಯಾಗಿ ಉಳಿಯುತ್ತದೆ. ಹೊಸದು ಕೊಳ್ಳುವಾಗ ಅಗ್ಗವೆಂದು ತೆಳುವಾದುದನ್ನು ತರಬೇಡಿರಿ. ದಪ್ಪ ಹಂಚು ಕಾಯಲು ಸ್ವಲ್ಪ ಹೊತ್ತು ಹಿಡಿದರೂ ಕಾವನ್ನು ಹಿಡಿದಿಡುತ್ತದೆ, ಉರಿ ತುಸು ಇಳಿದರೂ ರೊಟ್ಟಿ ಉಬ್ಬುತ್ತದೆ. ಹೊಸ ಕಬ್ಬಿಣದ ಹಂಚನ್ನು ತೊಳೆದು, ಒರೆಸಿ, ಎಣ್ಣೆ ಸವರಿ ಎರಡು ಮೂರು ಸಲ ಕಾಯಿಸಿ ಪಳಗಿಸಿರಿ. ಕೆಲಸ ಮುಗಿದ ಮೇಲೆ ಒದ್ದೆಯಾಗಿ ಇಡಬೇಡಿರಿ, ತುಕ್ಕು ತಿನ್ನುತ್ತದೆ. ಪಂಚಮಿಯ ಮುಂಚಿನ ರೊಟ್ಟಿ ಹಬ್ಬಕ್ಕೆ, ಎಳ್ಳ ಅಮಾವಾಸ್ಯೆಯ ಚರಗಕ್ಕೆ ರಾಶಿ ರೊಟ್ಟಿ ಬಡಿಯುವ ಕೈಗೆ ಒಳ್ಳೆಯ ಹಂಚಿಗಿಂತ ದೊಡ್ಡ ಆಸರೆ ಇಲ್ಲ.

ನಾಲ್ಕನೆಯದು ಒಲೆ. ಇಲ್ಲಿ ರುಚಿಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಇದೆ. ತೊಗರಿಕಟ್ಟಿಗೆ, ಕುಳ್ಳಿನ ಹೊಗೆಯನ್ನು ವರ್ಷಗಟ್ಟಲೆ ಕುಡಿದರೆ ಕಣ್ಣು ಉರಿದು ನೀರು ಸುರಿಯುವುದು, ಕೆಮ್ಮು ಹತ್ತುವುದು, ಪುಪ್ಪುಸ ಕೆಡುವುದು. ತಾಯಿಯ ಮಗ್ಗುಲಲ್ಲಿ ಕೂತ ಕೂಸಿಗೂ ಅದೇ ಹೊಗೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ರೊಟ್ಟಿಗೆಂದು ಕಟ್ಟಿಗೆಯ ಒಲೆ ಉಳಿಸಿಕೊಂಡವರು ಉಂಟು. ಉಳಿಸಿಕೊಂಡರೆ ಅದಕ್ಕೆ ಹೊಗೆಕೊಳವೆ ಇಡಿಸಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ಹಳ್ಳಿಯ ಮನೆಗಳಿಗೆಂದೇ ಒಂದು ಒಲೆ ರೂಪಿಸಿದರು. ಅಸ್ತ್ರ ಒಲೆ ಎಂದೇ ಅದಕ್ಕೆ ಹೆಸರಾಯಿತು. ಉರಿ ಮುಚ್ಚಿದ ಗೂಡಿನೊಳಗೆ ಇದ್ದು ಪಾತ್ರೆಗಳಿಗೆ ತಾಗುತ್ತದೆ, ಹೊಗೆ ಕೊಳವೆಯಿಂದ ಮಾಡಿನ ಮೇಲೆ ಹೋಗುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ಯಾವ ಒಲೆಯಾದರೂ ಮೂರು ಮಾತು ಮರೆಯಬೇಡಿರಿ. ಒಲೆಯ ಬಾಯಿ ಹಂಚಿಗೆ ತಕ್ಕಷ್ಟಿರಲಿ, ಕಟ್ಟಿಗೆ ಚೆನ್ನಾಗಿ ಒಣಗಿರಲಿ, ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ. ಮಸಿ ಕಟ್ಟಿದ ಕೊಳವೆ ಇದ್ದೂ ಇಲ್ಲದಂತೆ.

ಇನ್ನು ಬೀಸುಕಲ್ಲು, ಒಳಕಲ್ಲು. ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ನಾನು ಬಂದಿಲ್ಲ. ನಸುಕಿನಲ್ಲಿ ಎದ್ದು ಬೀಸಿ ಬೀಸಿ ರಟ್ಟೆ ಸೋತ ತಾಯಂದಿರಿಗೆ ಗಿರಣಿ ಬಂದುದು ದೊಡ್ಡ ಉಪಕಾರ. ಮಿಕ್ಸರ್ ಇದ್ದವರು ಶೇಂಗಾ ಹಿಂಡಿ ಅದರಲ್ಲಿ ಮಾಡಿದರೆ ತಪ್ಪೇನು? ಆದರೆ ತೊಗರಿ, ಕಡಲೆ ಒಡೆದು ಮನೆಯ ಬೇಳೆ ಮಾಡಲು ಬೀಸುಕಲ್ಲು ಇನ್ನೂ ಕೆಲಸಕ್ಕೆ ಬರುತ್ತದೆ. ಕರೆಂಟು ಹೋದ ದಿನ ಒಳಕಲ್ಲೇ ಗತಿ. ಬೀಸುಕಲ್ಲಿನ ಮೈ ನುಣುಪಾಗಿದ್ದರೆ ಉಳಿ ಹೊಡೆಸಿ ಒರಟು ಮಾಡಿಸಿರಿ. ಹೊಡೆಸಿದ ಮೇಲೆ ಮೊದಲು ಒಂದೆರಡು ಹಿಡಿ ಕಾಳು ಬೀಸಿ ಆ ಹಿಟ್ಟನ್ನು ಚೆಲ್ಲಿರಿ. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ, ದನಕ್ಕೂ ಹಾಕಬೇಡಿರಿ.

ಕಡೆಯದಾಗಿ ಪಾತ್ರೆಗಳು. ಹಿತ್ತಾಳೆ, ತಾಮ್ರದ ಪಾತ್ರೆಯ ಒಳಗಿನ ಬಿಳಿ ಕಲಾಯಿ ಸವೆದು ಲೋಹ ಕಂಡರೆ ಅದರಲ್ಲಿ ಹುಣಸೆಹುಳಿಯ ಸಾರು, ಮಜ್ಜಿಗೆ, ಮೊಸರು ಇಡಬೇಡಿರಿ. ಹುಳಿಗೆ ತಾಮ್ರ ಬಿಟ್ಟುಕೊಂಡು ವಾಂತಿ, ಹೊಟ್ಟೆನೋವು ಆಗುವುದುಂಟು. ಶುದ್ಧ ತವರದ ಕಲಾಯಿ ಮಾಡಿಸಿ ಬಳಸಿರಿ. ಇಂಡಿಯ ಕಡೆ ನಿಂಬೆಯ ತೋಟಗಳು ಹೆಸರಾದವು, ಉಪ್ಪಿನಕಾಯಿ ಇಲ್ಲದ ಮನೆ ಅಪರೂಪ. ಆ ಉಪ್ಪಿನಕಾಯಿಯನ್ನು ಅಲ್ಯುಮಿನಿಯಂ ಡಬ್ಬಿಯಲ್ಲಿ ತುಂಬಿಡಬೇಡಿರಿ. ಉಪ್ಪು, ಹುಳಿ ಎರಡೂ ಅದನ್ನು ತಿನ್ನುತ್ತವೆ. ಪಿಂಗಾಣಿ ಭರಣಿ ಇಲ್ಲವೆ ಗಾಜಿನ ಭರಣಿಯೇ ಯೋಗ್ಯ.

ಇದಕ್ಕೆಲ್ಲ ಬಹಳ ರೊಕ್ಕ ಬೇಕೆಂದು ಹೆದರಬೇಡಿರಿ. ಸಾಣಿಗೆಯ ಬಲೆ, ಹಂಚು, ಕಲಾಯಿ ಎಲ್ಲ ಕೂಡಿಸಿದರೂ ಕೃಷಿಗೆ ವರ್ಷಾ ಮಾಡುವ ಖರ್ಚಿನ ಮುಂದೆ ಅದು ಸಣ್ಣದು. ಬೇಕಾದದ್ದು ಮನಸ್ಸು. ಗಂಡಸರಿಗೆ ಒಂದು ಮಾತು. ಕೂರಿಗೆ, ಕುಂಟೆ ರಿಪೇರಿಗೆ ಹೊರಟ ದಿನ ಮನೆಯಾಕೆಯನ್ನು ಕೇಳಿರಿ. “ನಿನ್ನ ಸಾಮಾನೇನಾದರೂ ರಿಪೇರಿಗೆ ಐತೇನು?” ಅಂತ. ಆಕೆ ತೆಗೆದುಕೊಟ್ಟದ್ದನ್ನು ಅದೇ ಬಂಡಿಯಲ್ಲಿ ಹಾಕಿಕೊಂಡು ಹೋಗಿರಿ. ತಾಯಂದಿರೇ, ಕೇಳಿದಾಗ “ನಡೀತದ ಬಿಡ್ರಿ” ಅನ್ನಬೇಡಿರಿ, ಬೇಕಾದದ್ದನ್ನು ಬಾಯಿಬಿಟ್ಟು ಹೇಳಿರಿ. ಹೊಲದಲ್ಲಿ ದುಡಿಯುವ ಕೈಗೆ ಹರಿತವಾದ ಕುಡ ಎಷ್ಟು ಅವಶ್ಯವೋ, ಒಲೆಯ ಮುಂದೆ ದುಡಿಯುವ ಕೈಗೆ ನೆಟ್ಟಗಿನ ಹಂಚೂ ಅಷ್ಟೇ ಅವಶ್ಯ.